ನೀರಿನ ಲೆಕ್ಕ ಯಾರ ಕೈಯಲ್ಲಿ?



ನೀರಿನ ಬಗ್ಗೆ ಮಾತಾಡಲು ರಾಫೆಲ್ಸ್ ಪ್ಲೇಸ್ ಸರಿಯಾದ ಜಾಗವೇ ಎಂದು ಕೆಲವರಿಗೆ ಅನ್ನಿಸಬಹುದು. ಇಲ್ಲಿ ಕಾಣುವುದು ಬ್ಯಾಂಕುಗಳ ಗೋಪುರಗಳು, ಎಂಆರ್‌ಟಿಯಿಂದ ಮೇಲೆ ಬರುವ ಜನಸಾಗರ. ಆದರೆ ಈ ನೆಲದ ಚರಿತ್ರೆಯೇ ನೀರಿನ ಚರಿತ್ರೆ. ಇನ್ನೂರು ವರ್ಷದ ಹಿಂದೆ ಇಲ್ಲೊಂದು ಗುಡ್ಡವಿತ್ತು. 1822ರಲ್ಲಿ ಅದನ್ನು ಅಗೆದು, ಆ ಮಣ್ಣನ್ನು ನದಿಯ ದಕ್ಷಿಣ ದಂಡೆಯ ಜೌಗಿಗೆ ತುಂಬಿದರು. ಹಾಗೆ ಬೋಟ್ ಕೀ ಹುಟ್ಟಿತು; ಗುಡ್ಡವಿದ್ದ ಜಾಗ ವ್ಯಾಪಾರದ ಚೌಕವಾಯಿತು. ಇಲ್ಲಿಂದ ಕೂಗಳತೆಯಲ್ಲಿರುವ ತೆಲೋಕ್ ಆಯರ್ ಎಂದರೆ ಮಲಯ್ ಭಾಷೆಯಲ್ಲಿ ನೀರಿನ ಕೊಲ್ಲಿ. ಅದರಾಚೆಯ ಕ್ರೇತಾ ಆಯರ್ ಎಂದರೆ ನೀರಿನ ಗಾಡಿ. ಬಾವಿಯ ನೀರನ್ನು ಎತ್ತಿನ ಗಾಡಿಯಲ್ಲಿ ತಂದು ಕೊಡುತ್ತಿದ್ದ ಕಾಲದ ಹೆಸರು ಅದು. ಇಂದಿನ ಬೆಂಗಳೂರಿನ ಟ್ಯಾಂಕರ್ ಲಾರಿಯ ಮುತ್ತಜ್ಜ ಎನ್ನಬಹುದು.

1857ರಲ್ಲಿ ಈ ಊರಿನ ವ್ಯಾಪಾರಿ ತಾನ್ ಕಿಮ್ ಸೆಂಗ್ ಅವರು ಜನರಿಗೆ ಒಳ್ಳೆಯ ನೀರು ತರಿಸಿ ಎಂದು ಸರ್ಕಾರಕ್ಕೆ 13,000 ಡಾಲರ್ ದಾನ ಕೊಟ್ಟರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಯೋಜನೆ ಕುಂಟುತ್ತ ಸಾಗಿತು, ದಾನದ ಹಣ ಪೋಲಾಯಿತು. 1864ರಲ್ಲಿ ತಾನ್ ಕಿಮ್ ಸೆಂಗ್ ತೀರಿಕೊಂಡರು. ಕೊಳವೆಯಲ್ಲಿ ಊರಿಗೆ ನೀರು ಬರುವ ಹೊತ್ತಿಗೆ ದಾನ ಕೊಟ್ಟು ಎರಡು ದಶಕವಾಗಿತ್ತು. ಅವರ ನೆನಪಿಗೆಂದು 1882ರಲ್ಲಿ ಇಲ್ಲೇ ಹತ್ತಿರದ ಫುಲ್ಲರ್ಟನ್ ಚೌಕದಲ್ಲಿ ಒಂದು ಕಾರಂಜಿ ನಿಲ್ಲಿಸಿದರು. ಅದು 1925ರಿಂದ ಎಸ್ಪ್ಲನೇಡ್ ಉದ್ಯಾನದಲ್ಲಿದೆ. ನಿಮ್ಮಲ್ಲಿ ಹಲವರು ಅದರ ಮುಂದೆ ಫೋಟೋ ತೆಗೆಸಿಕೊಂಡಿರುತ್ತೀರಿ.

ಮಳೆಗೆ ಕೊರತೆಯಿರಲಿಲ್ಲ, ಹಣವಿತ್ತು, ಬಾಯಾರಿದ ಜನರೂ ಇದ್ದರು. ಆದರೂ ನೀರು ಬರಲಿಲ್ಲ. ಕೆಲಸಕ್ಕೂ ಖರ್ಚಿಗೂ ಹೊಣೆ ಹೊತ್ತು ಉತ್ತರ ಕೊಡುವ ವ್ಯವಸ್ಥೆ ಇರಲಿಲ್ಲ, ಅಷ್ಟೇ. ನೀರು ಇರುವುದು ಬೇರೆ, ನೀರು ಸಿಗುವುದು ಬೇರೆ. ಇವೆರಡರ ನಡುವೆ ಇರುವುದಕ್ಕೆ ಜಲ ಆಡಳಿತ ಎನ್ನುತ್ತೇವೆ. ಇಂದಿನ ನನ್ನ ಮಾತು ಅದರ ಬಗ್ಗೆ.

ನೀರುಗಂಟಿಯ ಪಾಠ

ಜಲ ಆಡಳಿತ ಎಂದರೆ ಯಾವುದೋ ವಿದೇಶಿ ವರದಿಯ ಮಾತು ಎಂದುಕೊಳ್ಳಬೇಡಿ. ಕೋಲಾರ, ತುಮಕೂರು ಕಡೆಯವರು ಇಲ್ಲಿದ್ದರೆ ನೀರುಗಂಟಿ ಎಂಬ ಹೆಸರು ಕೇಳಿರುತ್ತಾರೆ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವುದು ಅವನ ಕೆಲಸ. ಕೆರೆ ಕೋಡಿ ಬಿದ್ದ ವರ್ಷ ಈ ಕೆಲಸ ಸುಲಭ. ಕೆರೆ ಅರ್ಧ ತುಂಬಿದ ವರ್ಷ ಕಷ್ಟ. ಅಂಥ ವರ್ಷ ಊರಿನವರು ಕೂತು, ಈ ಸಲ ಅಚ್ಚುಕಟ್ಟಿನಲ್ಲಿ ಇಷ್ಟು ಭಾಗಕ್ಕೆ ಮಾತ್ರ ನೀರು ಎಂದು ತೀರ್ಮಾನಿಸುತ್ತಿದ್ದರು. ಕೆಲವು ಊರುಗಳಲ್ಲಿ ತೂಬಿನ ಹತ್ತಿರದ ನೆಲವನ್ನು ಆ ಒಂದು ಬೆಳೆಯ ಮಟ್ಟಿಗೆ ಎಲ್ಲ ರೈತರಿಗೂ ಪಾಲು ಹಾಕುತ್ತಿದ್ದರು. ತನ್ನ ಹೊಲ ಅಚ್ಚುಕಟ್ಟಿನ ಕೊನೆಯಲ್ಲಿದೆ ಎಂಬ ಕಾರಣಕ್ಕೆ ಯಾರೂ ಉಪವಾಸ ಬೀಳಬಾರದು ಎಂಬುದು ಲೆಕ್ಕ.

ಈ ಪುಟ್ಟ ವ್ಯವಸ್ಥೆಯಲ್ಲಿ ನಾಲ್ಕು ಕೆಲಸಗಳಿವೆ. ಇರುವ ನೀರನ್ನು ಅಳೆಯುವುದು. ಒಪ್ಪಿದ ನಿಯಮದಂತೆ ಹಂಚುವುದು. ಮುಂದಿನ ಹಂಗಾಮಿಗೆ ಉಳಿಸುವುದು. ಕೇಳಿದವರಿಗೆ ಉತ್ತರ ಕೊಡುವುದು. ದೊಡ್ಡ ನಗರವಾಗಲಿ, ನಾಲ್ಕು ರಾಜ್ಯಗಳ ನದಿಯಾಗಲಿ, ಆಡಳಿತ ಇದಕ್ಕಿಂತ ಬೇರೆಯಲ್ಲ.

ಹಳೆಯದೆಲ್ಲ ಚಿನ್ನ ಎಂದು ಹೇಳಲು ಮಾತ್ರ ನಾನು ಸಿದ್ಧನಿಲ್ಲ. ಊರಿನ ಗದ್ದೆಗಳಿಗೆಲ್ಲ ನೀರು ಹಂಚುತ್ತಿದ್ದ ನೀರುಗಂಟಿ ಅನೇಕ ಊರುಗಳಲ್ಲಿ ದಲಿತ ಕುಟುಂಬದವನು. ಸ್ವಂತ ಗದ್ದೆಯಿಲ್ಲದವನು ಪಕ್ಷಪಾತ ಮಾಡುವುದಿಲ್ಲ ಎಂಬ ನಂಬಿಕೆಯಿತ್ತು. ಅದೇ ಮನುಷ್ಯ ಮೇಲ್ಜಾತಿಯವರ ಬಾವಿಯನ್ನು ಮುಟ್ಟುವಂತಿರಲಿಲ್ಲ. ಕುಡಿಯುವ ನೀರಿನ ಹಕ್ಕಿಗಾಗಿ ಡಾ. ಅಂಬೇಡ್ಕರ್ ಅವರು 1927ರಲ್ಲಿ ಮಹಾಡ್‌ನ ಕೆರೆಗೆ ಇಳಿಯಬೇಕಾಯಿತು. ಹಂಚಿಕೆ ದಕ್ಷವಾಗಿದ್ದ ಮಾತ್ರಕ್ಕೆ ನ್ಯಾಯವಾಗಿರುತ್ತದೆ ಎಂದೇನಿಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದೆ ಹೋಗೋಣ.

ಸಿಂಗಪುರ ಮಾಡಿದ್ದೇನು, ತೆತ್ತಿದ್ದೇನು

ಸಿಂಗಪುರದಲ್ಲಿ ವರ್ಷಕ್ಕೆ ಸುಮಾರು 2,400 ಮಿ.ಮೀ. ಮಳೆ ಬೀಳುತ್ತದೆ. ಕೋಲಾರದ ಮೂರರಷ್ಟು. ಕೊರತೆ ಇರುವುದು ಮಳೆಯನ್ನು ಹಿಡಿದಿಡುವ ನೆಲಕ್ಕೆ. 1963ರಿಂದ 1964ರವರೆಗೆ ಬರದಿಂದಾಗಿ ಇಲ್ಲಿ ತಿಂಗಳುಗಟ್ಟಲೆ ನೀರಿನ ಪಡಿತರವಿತ್ತು. 1965ರಲ್ಲಿ ದೇಶ ಬೇರೆಯಾದಾಗ ಕುಡಿಯುವ ನೀರಿನ ದೊಡ್ಡ ಪಾಲು ಪಕ್ಕದ ದೇಶದ ಜೊಹೊರ್‌ನಿಂದ ಬರುತ್ತಿತ್ತು. 1962ರ ಒಪ್ಪಂದದ ಪ್ರಕಾರ ಸಿಂಗಪುರ ಜೊಹೊರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ಎತ್ತಬಹುದು. ಸಾವಿರ ಗ್ಯಾಲನ್‌ಗೆ ಮಲೇಷ್ಯಾದ 3 ಸೆನ್ ಬೆಲೆ. ಅದರ ಅವಧಿ 2061ಕ್ಕೆ ಮುಗಿಯುತ್ತದೆ. ಆ ಬೆಲೆ ತೀರಾ ಕಡಿಮೆ ಎಂಬ ದೂರು ಮಲೇಷ್ಯಾದಲ್ಲಿ ಆಗಾಗ ಕೇಳಿಬರುತ್ತದೆ. ಜೊಹೊರ್ ಕಡೆ ನಿಂತು ನೋಡಿದರೆ ಅದೂ ನ್ಯಾಯದ ಪ್ರಶ್ನೆಯೇ.

ಈ ಭಯದಿಂದ ಹುಟ್ಟಿದ ಕೆಲಸಗಳಲ್ಲಿ ಒಂದನ್ನು ಇಲ್ಲಿಂದ ಐದು ನಿಮಿಷ ನಡೆದರೆ ನೋಡಬಹುದು. 1977ರಲ್ಲಿ ಪ್ರಧಾನಿ ಲೀ ಕುಆನ್ ಯೂ ಅವರು ಹತ್ತು ವರ್ಷದಲ್ಲಿ ಸಿಂಗಪುರ ನದಿಯನ್ನೂ ಕಲ್ಲಾಂಗ್ ಜಲಾನಯನವನ್ನೂ ಶುಚಿ ಮಾಡಬೇಕೆಂದು ಗುರಿ ಹಾಕಿದರು. 1987ಕ್ಕೆ ಅದು ಮುಗಿಯಿತು. 2008ರಲ್ಲಿ ಮರೀನಾ ಬ್ಯಾರೇಜ್ ಕಟ್ಟಿ ಸಮುದ್ರವನ್ನು ಹೊರಗೆ ತಡೆದರು. ಇಂದು ಬೋಟ್ ಕೀ ಎದುರು ನಿಂತಿರುವ ನೀರು ಮರೀನಾ ಜಲಾಶಯದ ಭಾಗ. ದೇಶದ ಆರನೆಯ ಒಂದು ಭಾಗದ ಮಳೆ ಅಲ್ಲಿಗೆ ಹರಿಯುತ್ತದೆ. ರಾಫೆಲ್ಸ್ ಪ್ಲೇಸ್‌ನ ರಸ್ತೆಯ ಮೇಲೆ ಬಿದ್ದ ಮಳೆಯೂ ಚರಂಡಿಯ ದಾರಿ ಹಿಡಿದು ಕುಡಿಯುವ ನೀರಿನ ಲೆಕ್ಕಕ್ಕೆ ಸೇರುತ್ತದೆ.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಸುಮಾರು 26,000 ಕುಟುಂಬಗಳು ಜಾಗ ಬಿಟ್ಟವು. 600ಕ್ಕೂ ಹೆಚ್ಚು ಹಂದಿ ಸಾಕಣೆ ಕೇಂದ್ರಗಳು ಮುಚ್ಚಿದವು. ನೂರಾರು ಸರಕು ದೋಣಿಗಳು 1983ರಲ್ಲಿ ಪಾಸಿರ್ ಪಂಜಾಂಗ್‌ಗೆ ಹೋದವು. ಬೀದಿ ವ್ಯಾಪಾರಿಗಳಿಗೆ ಹಾಕರ್ ಸೆಂಟರ್‌ಗಳಲ್ಲಿ ಜಾಗ ಸಿಕ್ಕಿತು, ಕುಟುಂಬಗಳಿಗೆ ಎಚ್‌ಡಿಬಿ ಮನೆ ಸಿಕ್ಕಿತು. ಆದರೆ ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು ಹಲವರಿಗೆ ಮರಳಿ ಸಿಗಲಿಲ್ಲ. ಸಿಂಗಪುರದ ಮಾದರಿಯನ್ನು ಹೊಗಳುವಾಗ ಈ ಸಾಲನ್ನು ಬಿಟ್ಟು ಓದಬಾರದು.

ಎರಡನೆಯದು ಸಂಸ್ಥೆಯ ಸಂಗತಿ. ನೀರು ಪೂರೈಕೆ ನೋಡಿಕೊಳ್ಳುತ್ತಿದ್ದ ಪಿಯುಬಿಗೆ 2001ರಲ್ಲಿ ಒಳಚರಂಡಿ ಮತ್ತು ಮಳೆನೀರಿನ ಚರಂಡಿಗಳ ಜವಾಬ್ದಾರಿಯನ್ನೂ ಕೊಟ್ಟರು. ಅಲ್ಲಿಂದ ಮಳೆ, ಜಲಾಶಯ, ನಲ್ಲಿ, ಕೊಳಚೆ ಎಲ್ಲಕ್ಕೂ ಒಂದೇ ಲೆಕ್ಕದ ಪುಸ್ತಕ. ಕೊಳಚೆ ಇನ್ನೊಬ್ಬರ ತಲೆನೋವು ಎಂದು ಯಾವ ಇಲಾಖೆಯೂ ಕೈ ತೊಳೆದುಕೊಳ್ಳುವಂತಿಲ್ಲ.

ಮೂರನೆಯದು ದರ. 2025ರ ಏಪ್ರಿಲ್‌ನಿಂದ ಮನೆಬಳಕೆಯ ನೀರಿಗೆ, ತಿಂಗಳಿಗೆ 40 ಘನ ಮೀಟರ್‌ವರೆಗೆ, ಘನ ಮೀಟರಿಗೆ 3.24 ಡಾಲರ್. ಘನ ಮೀಟರ್ ಎಂದರೆ ಸಾವಿರ ಲೀಟರ್. ಒಬ್ಬರು ದಿನಕ್ಕೆ ಸುಮಾರು 140 ಲೀಟರ್ ಬಳಸುವ ಲೆಕ್ಕದಲ್ಲಿ ದಿನಕ್ಕೆ 45 ಸೆಂಟ್ ಆಯಿತು, ಜಿಎಸ್‌ಟಿ ಬೇರೆ. ಇದರಲ್ಲಿ 1991ರಲ್ಲಿ ಬಂದ ಜಲ ಸಂರಕ್ಷಣಾ ತೆರಿಗೆಯೂ ಸೇರಿದೆ. ಇಲ್ಲಿನ ದರದ ಹಿಂದಿನ ತರ್ಕ ಸರಳ: ಈಗ ಕುಡಿಯುತ್ತಿರುವ ಹನಿಗೆ ಎಷ್ಟಾಯಿತು ಎಂದಲ್ಲ, ಮುಂದಿನ ಹನಿ ತರಲು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ಹನಿ ಸಮುದ್ರದ ಉಪ್ಪು ತೆಗೆದು ಬರಬೇಕು. ಅದಕ್ಕೆ ವಿದ್ಯುತ್ ಬಹಳ ಬೇಕು.

2017ರಲ್ಲಿ ದರವನ್ನು ಎರಡು ಕಂತಿನಲ್ಲಿ ಶೇ. 30ರಷ್ಟು ಏರಿಸುವ ಘೋಷಣೆಯಾದಾಗ ಜನರಿಗೆ ಸಿಟ್ಟು ಬಂತು; ಇಲ್ಲೇ ಹತ್ತಿರದ ಹಾಂಗ್ ಲಿಮ್ ಪಾರ್ಕ್‌ನಲ್ಲಿ ಪ್ರತಿಭಟನೆಯೂ ನಡೆಯಿತು. ಎಚ್‌ಡಿಬಿ ಮನೆಗಳ ನಾಗರಿಕರಿಗೆ ಯು-ಸೇವ್ ರಿಯಾಯಿತಿ ಇದೆ, ಸಣ್ಣ ಮನೆಗೆ ಹೆಚ್ಚು. ಪಾಸ್ ಮೇಲೆ ಬಂದು ಕೆಲಸ ಮಾಡುವವರ ಮನೆಗೆ ಅದು ಸಿಗುವುದಿಲ್ಲ. ಆದರೂ ಈ ಕ್ರಮದಿಂದ ಕಲಿಯಬೇಕಾದದ್ದಿದೆ. ನೀರಿನ ದರವನ್ನು ಎಲ್ಲರಿಗೂ ಅಗ್ಗ ಮಾಡುವ ಬದಲು, ನಿಜ ದರ ಇಟ್ಟು ಕಷ್ಟದಲ್ಲಿರುವವರ ಕೈಗೆ ನೇರವಾಗಿ ನೆರವು ಕೊಡಬಹುದು. ಇವೆರಡೂ ಒಂದೇ ಅಲ್ಲ ಎಂಬುದು ನಮ್ಮ ಬೆಂಗಳೂರನ್ನು ನೋಡಿದರೆ ಗೊತ್ತಾಗುತ್ತದೆ.

ಅಗ್ಗದ ನೀರು ಯಾರಿಗೆ ಅಗ್ಗ

ಬೆಂಗಳೂರಿಗೆ ಕೊಳವೆ ನೀರು ಮೊದಲು ಬಂದದ್ದು 1896ರ ಹೊತ್ತಿಗೆ, ಹೆಸರಘಟ್ಟ ಕೆರೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಎರಡೂ ಅರ್ಕಾವತಿಯ ನೀರು. ಜಲಾನಯನ ಪ್ರದೇಶ ಹಾಳಾದಂತೆ ಎರಡೂ ಊರನ್ನು ಸಾಕುವ ಶಕ್ತಿ ಕಳೆದುಕೊಂಡವು. 1974ರಿಂದ ಕಾವೇರಿ ಬಂದಳು. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ, ನೂರಾರು ಮೀಟರ್ ಮೇಲಕ್ಕೆ ಪಂಪ್ ಮಾಡಿ ತರಬೇಕು. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ಲಿನದೇ ದೊಡ್ಡ ಪಾಲು.

ಹೀಗೆ ಏದುಸಿರು ಬಿಡುತ್ತ ಬಂದ ನೀರಿಗೆ 2014ರಿಂದ 2025ರವರೆಗೆ ಮೊದಲ 8,000 ಲೀಟರ್‌ನ ದರ ಸಾವಿರ ಲೀಟರಿಗೆ 7 ರೂಪಾಯಿ. ಹನ್ನೊಂದು ವರ್ಷ ಯಾವ ಸರ್ಕಾರವೂ ದರ ಮುಟ್ಟಲಿಲ್ಲ. ಬಡವರಿಗೆ ಹೊರೆಯಾಗಬಾರದು ಎಂಬುದು ಕಾರಣ. ಆದರೆ 7 ರೂಪಾಯಿಯ ನೀರು ಸಿಗುತ್ತಿದ್ದದ್ದು ಕಾವೇರಿ ಸಂಪರ್ಕ ಇದ್ದವರಿಗೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರ್‌ನ ಯೋಜನೆ. ನಡುವಿನ ಹದಿನೇಳು ವರ್ಷ ಅಲ್ಲಿನ ಬಹುಪಾಲು ಜನರಿಗೆ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ಗತಿ.

2024ರ ಬೇಸಿಗೆಯಲ್ಲಿ ಏನಾಯಿತೆಂದು ನಿಮಗೆಲ್ಲ ಗೊತ್ತು. ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿದ್ದವು. ಟ್ಯಾಂಕರ್ ದರ ಹಿಡಿತ ತಪ್ಪಿದಾಗ ಜಿಲ್ಲಾಡಳಿತ ದರ ಕಟ್ಟಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ 100 ರೂಪಾಯಿ. ಸಂಪರ್ಕ ಇದ್ದವರಿಗೆ 7, ಇಲ್ಲದವರಿಗೆ 100. ಇದು ನಿಯಂತ್ರಿಸಿದ ದರ. ಅದಕ್ಕೂ ಮೊದಲು ಕೊಟ್ಟದ್ದು ಇನ್ನೂ ಹೆಚ್ಚು. ದೊಡ್ಡ ಅಪಾರ್ಟ್‌ಮೆಂಟ್‌ಗೆ ಟ್ಯಾಂಕರ್ ತರಿಸಲು ನಿರ್ವಹಣಾ ಶುಲ್ಕವಿದೆ, ನೀರು ಇಳಿಸಲು ಸಂಪು ಇದೆ. ಒಂದೇ ಕೋಣೆಯ ಬಾಡಿಗೆ ಮನೆಯವರಿಗೆ ಸಂಪು ಎಲ್ಲಿಂದ ಬರಬೇಕು? ಅವರು ಬಿಂದಿಗೆ ಲೆಕ್ಕದಲ್ಲಿ ಕೊಳ್ಳಬೇಕು, ಇಲ್ಲವೇ ಒಂದು ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನಲ್ಲಿ ನಿಲ್ಲುವವರು ಹೆಚ್ಚಾಗಿ ಹೆಂಗಸರು ಎಂದು ಬೇರೆ ಹೇಳಬೇಕಾಗಿಲ್ಲ.

ದರ ಕಡಿಮೆ ಇಟ್ಟರೆ ಮಂಡಳಿಯ ಬಳಿ ಹಣವಿರುವುದಿಲ್ಲ. ಹಣವಿಲ್ಲದಿದ್ದರೆ ಹೊಸ ಕೊಳವೆ ನಿಧಾನ, ಹಳೆಯ ಕೊಳವೆಯ ಸೋರಿಕೆ ಹಾಗೆಯೇ. ಬೆಂಗಳೂರಿನಲ್ಲಿ ಪಂಪ್ ಮಾಡಿ ತಂದ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. ಸಿಂಗಪುರದಲ್ಲಿ ಆ ಪ್ರಮಾಣ ಶೇ. 10ರ ಒಳಗಿದೆ. ಹೀಗೆ ಬಡವರ ಹೆಸರಿನಲ್ಲಿ ಕೊಟ್ಟ ಅಗ್ಗದ ದರ ಸಂಪರ್ಕ ಇದ್ದವರ ಜೇಬಿನಲ್ಲಿ ಉಳಿದು, ಅದರ ಖರ್ಚು ಸಂಪರ್ಕವಿಲ್ಲದ ಬಡವರ ತಲೆಗೆ ಬೀಳುತ್ತದೆ.

ಕೊರತೆಯ ವರ್ಷದ ಕಾವೇರಿ

ಬೆಂಗಳೂರಿನ ಮಾತು ಬಂದಮೇಲೆ ಕಾವೇರಿಯ ಹಂಚಿಕೆಯನ್ನು ಬಿಡುವಂತಿಲ್ಲ. 1892 ಮತ್ತು 1924ರ ಮೈಸೂರು–ಮದರಾಸು ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಐತೀರ್ಪು ದಾಟಿ 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿತು. ಒಟ್ಟು 740 ಟಿಎಂಸಿ ಅಡಿಯಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ನ್ಯಾಯಮಂಡಳಿಯ ಲೆಕ್ಕವನ್ನು ಕೋರ್ಟ್ ಒಪ್ಪಲಿಲ್ಲ. ಕುಡಿಯುವ ನೀರು ಮೊದಲು ಎಂದಿತು.

ಆದರೂ 2023ರಲ್ಲಿ ಮತ್ತೆ ಬಂದ್, ಪ್ರತಿಭಟನೆ ನಡೆದವು. ಯಾಕೆ? ಮಳೆ ಚೆನ್ನಾದ ವರ್ಷ ಬಿಳಿಗುಂಡ್ಲುವಿನ ಮಾಪನದಲ್ಲಿ 177.25 ಟಿಎಂಸಿ ತಾನಾಗಿಯೇ ದಾಟುತ್ತದೆ, ಜಗಳವಿಲ್ಲ. ಜಗಳ ಬರುವುದು ಮುಂಗಾರು ಕೈಕೊಟ್ಟಾಗ. ಕೊರತೆಯನ್ನು ಎಲ್ಲರೂ ಅವರವರ ಪಾಲಿನ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು ಎಂಬ ತತ್ವವಿದೆ. ಕೊರತೆಯನ್ನು ಅಳೆಯುವುದು ಹೇಗೆ, ಯಾವ ತಿಂಗಳು ಎಷ್ಟು ಕಡಿತ ಎಂಬ ಸಂಕಷ್ಟ ಸೂತ್ರದ ಮೇಲೆ ಮಾತ್ರ ಒಮ್ಮತವಿಲ್ಲ. ಹಳೆಯ ಕೆರೆಯ ಊರಿನವರು ಅರ್ಧ ತುಂಬಿದ ಕೆರೆಗಾಗಿ ಮೊದಲೇ ನಿಯಮ ಮಾಡಿಕೊಂಡಿದ್ದರು. ನಾವು ಬರ ಬಂದ ಮೇಲೆ ಕೋರ್ಟಿನ ಬಾಗಿಲು ತಟ್ಟುತ್ತೇವೆ. ಮಂಡ್ಯದ ರೈತರೂ ತಂಜಾವೂರಿನ ರೈತರೂ ಆಗ ಒಂದೇ ಅನಿಶ್ಚಿತತೆಯಲ್ಲಿ ನಾಟಿ ಮಾಡುತ್ತಾರೆ.

ಇನ್ನೊಂದು ಅಂಕಿಯನ್ನೂ ಗಮನಿಸಿ. ಆ 740ರಲ್ಲಿ ಪರಿಸರಕ್ಕೆ, ಅಂದರೆ ನದಿಗೆ ನದಿಯಾಗಿ ಉಳಿಯಲು ಇಟ್ಟದ್ದು 10 ಟಿಎಂಸಿ. ಕಾವೇರಿಯ ಪರವಾಗಿ ವಕೀಲರು ನಾಲ್ಕು ಕಡೆಯಿಂದ ವಾದಿಸಿದರು. ಕಾವೇರಿಯ ಪಾಲಿಗೆ ಬಂದದ್ದು ಇಷ್ಟು.

ಬಳಸಿದ ನೀರು ಮತ್ತು ನಂಬಿಕೆ

ಸುಸ್ಥಿರತೆ ಎಂದಾಗ ಈಗ ಎಲ್ಲರೂ ಹೇಳುವುದು ಬಳಸಿದ ನೀರನ್ನು ಮತ್ತೆ ಬಳಸುವ ಮಾತು. ಸಿಂಗಪುರವೂ ಕೋಲಾರವೂ ಅದನ್ನು ಮಾಡಿವೆ. ಎರಡನ್ನೂ ಜೊತೆಗಿಟ್ಟು ನೋಡೋಣ.

ಸಿಂಗಪುರದ ನ್ಯೂವಾಟರ್ 2003ರಿಂದ ಪೂರೈಕೆಯಲ್ಲಿದೆ. ಕೊಳಚೆಯ ಸಾಮಾನ್ಯ ಸಂಸ್ಕರಣೆ ಮುಗಿದ ಮೇಲೆ ಸೂಕ್ಷ್ಮ ಸೋಸುವಿಕೆ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಕಿರಣ ಎಂಬ ಮೂರು ಮೆಟ್ಟಿಲು. ಹೆಚ್ಚಿನ ಪಾಲು ಕಾರ್ಖಾನೆಗಳಿಗೆ, ದೊಡ್ಡ ಕಟ್ಟಡಗಳ ಹವಾನಿಯಂತ್ರಣಕ್ಕೆ ಹೋಗುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಸ್ವಲ್ಪ ಜಲಾಶಯಕ್ಕೆ ಸೇರಿಸುತ್ತಾರೆ. ಆರಂಭಿಸುವ ಮುಂಚೆ ಪ್ರಾಯೋಗಿಕ ಘಟಕ ನಡೆಸಿದರು, ಪರಿಣತರ ಸಮಿತಿಯಿಂದ ಪರೀಕ್ಷೆ ಮಾಡಿಸಿದರು. 2002ರ ರಾಷ್ಟ್ರೀಯ ದಿನದ ಮೆರವಣಿಗೆಯಲ್ಲಿ ಜನರಿಗೆ ಬಾಟಲಿ ಹಂಚಿ, ಮುಖಂಡರೂ ಕುಡಿದರು. ಜನ ಬಂದು ನೋಡಲೆಂದು ವೀಕ್ಷಣಾ ಕೇಂದ್ರ ತೆರೆದರು.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ, ಅಂದರೆ ಕೆ.ಸಿ. ವ್ಯಾಲಿ, 2018ರ ಜೂನ್‌ನಲ್ಲಿ ಶುರುವಾಯಿತು. ಸಂಸ್ಕರಿಸಿದ 44 ಕೋಟಿ ಲೀಟರ್ ನೀರನ್ನು ದಿನವೂ ಕೋಲಾರದ ಕಡೆಗೆ ಪಂಪ್ ಮಾಡಿ, 126 ಕೆರೆ ತುಂಬಿಸಿ, ಅಂತರ್ಜಲ ಏರಿಸುವ ಗುರಿ. ಸದಾ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಗದ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಅನೇಕ ಕಡೆ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಾಣಿಸಿತು, ಕೆರೆಗಳಲ್ಲಿ ಮೀನು ಬಂತು. ಆದರೆ ಸಂಸ್ಕರಣೆ ಎರಡನೇ ಹಂತಕ್ಕೆ ನಿಲ್ಲುತ್ತದೆ. ಆರಂಭದ ಒಂದೇ ತಿಂಗಳಲ್ಲಿ ನೊರೆ ಎದ್ದಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಕೋಲಾರದ ಹೋರಾಟಗಾರರು ಕೇಳಿದರು. ಪ್ರಕರಣ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ನಡುನಡುವೆ ನಿಂತು, ನೀರು ಮತ್ತೆ ಹರಿಯಿತು.

ಈ ಹೋರಾಟಗಾರರನ್ನು ಅಭಿವೃದ್ಧಿ ವಿರೋಧಿಗಳೆಂದು ಜರೆದವರಿದ್ದಾರೆ. ಅವರು ಕೇಳಿದ್ದಾದರೂ ಏನು? ನೀರು ಬಳಸಿದವರು ನಾವಲ್ಲ, ಕೊಳೆ ಮಾಡಿದವರು ನಾವಲ್ಲ. ನಮ್ಮ ಕೆರೆಗೆ ಬರುವ ನೀರಿನ ಪರೀಕ್ಷೆಯ ಫಲಿತಾಂಶ ಯಾರು, ಎಲ್ಲಿ ತೋರಿಸುತ್ತಾರೆ? ನ್ಯೂವಾಟರ್ ಮತ್ತು ಕೆ.ಸಿ. ವ್ಯಾಲಿ ನಡುವಿನ ಅಂತರ ಯಂತ್ರದ್ದು ಮಾತ್ರವಲ್ಲ. ಇಲ್ಲಿ ನೀರು ಬರುವ ಮುಂಚೆ ಉತ್ತರ ಬಂತು. ಅಲ್ಲಿ ನೀರು ಮೊದಲು ಬಂತು, ಉತ್ತರಕ್ಕಾಗಿ ಕೋರ್ಟಿಗೆ ಹೋಗಬೇಕಾಯಿತು.

ನಾವು ಕೇಳಬೇಕಾದ ಪ್ರಶ್ನೆಗಳು

ಇಷ್ಟು ದೂರ ಕೂತ ನಾವು ಏನು ಮಾಡಬಹುದು? ನಮ್ಮಲ್ಲಿ ಹಲವರಿಗೆ ಬೆಂಗಳೂರಿನಲ್ಲಿ ಫ್ಲ್ಯಾಟ್ ಇದೆ. ಬಾಡಿಗೆ ಬಂತೇ ಎಂದು ಕೇಳುವಾಗ ಇನ್ನು ಮೂರು ಪ್ರಶ್ನೆ ಸೇರಿಸಿ. ಪ್ರತಿ ಮನೆಗೂ ನೀರಿನ ಮೀಟರ್ ಇದೆಯೇ, ಇಲ್ಲ ನೀರಿನ ಖರ್ಚನ್ನು ಎಲ್ಲರಿಗೂ ಸಮನಾಗಿ ಹಂಚುತ್ತಾರೆಯೇ? ಬಳಸಿದ ನೀರಿನ ಸಂಸ್ಕರಣಾ ಘಟಕ ನಿಜವಾಗಿ ನಡೆಯುತ್ತಿದೆಯೇ? ಮಳೆನೀರು ಇಂಗುಗುಂಡಿ ಕೆಲಸ ಮಾಡುತ್ತಿದೆಯೇ? ಮಳೆನೀರು ಸಂಗ್ರಹ 2009ರಿಂದ ಬೆಂಗಳೂರಿನಲ್ಲಿ ಕಾನೂನು. ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾಲೀಕರೊಬ್ಬರು ಕೇಳಿದರೆ ಸಾಕು, ಮುಂದಿನ ಸಭೆಯ ಕಾರ್ಯಸೂಚಿಗೆ ಅದು ಸೇರುತ್ತದೆ.

ಇನ್ನು ಊರಿಗೆ ದಾನ ಕೊಡುವವರಿಗೆ ಒಂದು ಮಾತು. ಶಾಲೆಗೆ ಶುದ್ಧ ನೀರಿನ ಘಟಕ, ಓಣಿಗೆ ಬೋರ್‌ವೆಲ್, ಕೆರೆಯ ಹೂಳೆತ್ತಲು ಹಣ ಎಂದು ನಮ್ಮವರು ಮನಸಾರೆ ಕೊಡುತ್ತಾರೆ. ಹೆಸರಿನ ಕಲ್ಲು ಉಳಿದು ನಲ್ಲಿ ಒಣಗಿದ ಘಟಕಗಳೂ ಊರೂರಿನಲ್ಲಿವೆ. ತಾನ್ ಕಿಮ್ ಸೆಂಗ್ ಅವರ ಹಣಕ್ಕೆ ಆದದ್ದು ನಮ್ಮ ಹಣಕ್ಕೆ ಆಗಬಾರದು. ಹಾಗಾಗಿ ಹಣ ಕಳಿಸುವ ಮುಂಚೆ ಕೇಳಿ: ಮೆಂಬ್ರೇನ್ ಬದಲಿಸುವ ಖರ್ಚು ಯಾರದು? ವಿದ್ಯುತ್ ಬಿಲ್ ಯಾರ ಹೆಸರಿಗೆ? ನೀರನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಾರೆ? ಊರಿನ ಎಲ್ಲ ಕೇರಿಯವರೂ ಬಂದು ಹಿಡಿಯಬಹುದೇ? ಲೆಕ್ಕವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯುತ್ತಾರೆಯೇ? ಉತ್ತರ ಸಿಗದಿದ್ದರೆ ಒಂದು ಬೋರ್‌ವೆಲ್ ಕಡಿಮೆ ಕೊರೆಸಿ, ಆ ಹಣದಲ್ಲಿ ವಾಟರ್‌ಮನ್‌ಗೆ ಎರಡು ವರ್ಷ ಸಂಬಳ, ತರಬೇತಿ ಕೊಡಿಸಿ. ನೀರುಗಂಟಿ ಇಲ್ಲದ ಕೆರೆ ಎಷ್ಟು ದಿನ ಬಾಳೀತು?

ಸಿಂಗಪುರವನ್ನು ಕರ್ನಾಟಕಕ್ಕೆ ಎತ್ತಿಕೊಂಡು ಹೋಗಲು ಬರುವುದಿಲ್ಲ. ಇದು ನಗರ, ಅದು ನದಿಗಳ ನಾಡು. ಅಲ್ಲಿ ರೈತರಿದ್ದಾರೆ, ನೆರೆರಾಜ್ಯಗಳಿವೆ, ಐದು ವರ್ಷಕ್ಕೊಮ್ಮೆ ಚುನಾವಣೆಯಿದೆ. ಆ ಚುನಾವಣೆಯೇ ನಮಗಿರುವ ದೊಡ್ಡ ಅನುಕೂಲ. ಮತ ಕೇಳಲು ಬಂದವರನ್ನು ನೀರು ಯಾವಾಗ ಕೊಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಮನೆಯವರಿಗೆ ಫೋನ್ ಮಾಡಿದಾಗ, ನೀರಿನ ಲೆಕ್ಕ ಎಲ್ಲಿ ತೋರಿಸುತ್ತೀರಿ ಎಂದೂ ಕೇಳಲು ಹೇಳಿ.